ಚಕ್ಕೋತದ ಮರಕ್ಕೊಬ್ಬರು ಜಾಮೀನು

ಆಗ ನನಗೆ ಐವತ್ತಾರು ವರ್ಷ. ಇದು ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ಈಗ ಯಾಕೆ ಹೇಳುತ್ತಿದ್ದೀನಿ ಅಂದರೆ, ಮೊನ್ನೆ ನಮ್ಮ ಬೀದಿಗೆ ತಳ್ಳುಗಾಡಿಯವನೊಬ್ಬ ಚಕ್ಕೋತದ ಹಣ್ಣು ತಂದಿದ್ದ. ಒಂದೊಂದೂ ಎಳೆಮಗುವಿನ ತಲೆಯಷ್ಟು ದಪ್ಪ. ಸಕ್ಕರೆ ಇದ್ದ ಹಾಗಿದೆ ತಗೊಳ್ಳಮ್ಮ ಅಂದ. ಚಕ್ಕೋತ ಎಲ್ಲಾದರೂ ಸಕ್ಕರೆ ಇದ್ದ ಹಾಗಿರುತ್ತದಾ, ಯಾರಿಗೆ ಹೇಳುತ್ತೀಯ ಎಂದು ಬೈದು ಕಳಿಸಿದೆ. ಅವನು ಹೋದ ಮೇಲೆ ಪಾಪ ಅನ್ನಿಸಿತು. ಸಿಟ್ಟು ಅವನ ಮೇಲಿನದಲ್ಲ. ಆ ಹಣ್ಣು ಕಂಡರೆ ನನಗೆ ನನ್ನ ಬಾಯಿ ನೆನಪಾಗುತ್ತದೆ.

ನಮ್ಮ ಮನೆ ತುಮಕೂರಿನ ಸದಾಶಿವನಗರದಲ್ಲಿ. ಯಜಮಾನರು ಇದ್ದಾಗಲೇ ಕಟ್ಟಿಸಿದ್ದು. ಹಿಂದುಗಡೆಗೂ ಒಂದು ರೂಮು ಎಳೆದುಬಿಡೋಣ, ಬಾಡಿಗೆಗೆ ಆಗುತ್ತದೆ ಎಂದು ಮೇಸ್ತ್ರಿ ಹೇಳಿದ. ನಾನು ಬೇಡವೇ ಬೇಡ ಅಂದೆ. ಗುಬ್ಬಿ ತಾಲೂಕು ಕಡಬದಲ್ಲಿ ಹುಟ್ಟಿದವಳು ನಾನು. ಹಿತ್ತಿಲಿಲ್ಲದ ಮನೆಯಲ್ಲಿ ಹೇಗೆ ಕಾಲ ಹಾಕುವುದು ಎಂದು ಹಟ ಹಿಡಿದು ಹದಿನೈದು ಅಡಿ ಅಗಲದ ಜಾಗ ಉಳಿಸಿಕೊಂಡೆ. ಅಷ್ಟರಲ್ಲೇ ಎರಡು ಸೀಬೆ, ಎರಡು ಸೀತಾಫಲ, ಮೂರು ದಾಳಿಂಬೆ, ಒಂದು ಪರಂಗಿ, ಮೂಲೆಯಲ್ಲಿ ಈ ಚಕ್ಕೋತ. ಸಿಟಿ ಬಸ್ಸಿನಲ್ಲಿ ಜನ ನಿಂತ ಹಾಗೆ ಒಂದರ ಮೈಮೇಲೆ ಒಂದು. ದೂರ ದೂರ ನೆಡಬೇಕು ಎಂದು ತೋಟಗಾರಿಕೆಯವರು ಹೇಳುತ್ತಾರಂತೆ. ದೂರ ನೆಡುವುದಕ್ಕೆ ಪಕ್ಕದ ಮನೆಯವರು ಜಾಗ ಬಿಡಬೇಕಲ್ಲ.

ಹಣ್ಣು ಬೆಳೆಯುವುದು ದೊಡ್ಡ ವಿದ್ಯೆಯೇನಲ್ಲ. ಕೀಳುವುದು ವಿದ್ಯೆ. ಸೀತಾಫಲ ಕಣ್ಣು ಬಿಡುವ ತನಕ ಕೀಳಬಾರದು. ಮೈಮೇಲಿನ ಗುಬಟುಗಳ ನಡುವಿನ ಗೆರೆ ಅಗಲವಾಗಿ ಬೆಳ್ಳಗೆ ಕಾಣುತ್ತದಲ್ಲ, ಅದೇ ಕಣ್ಣು ಬಿಡುವುದು. ಅದಕ್ಕೆ ಮುಂಚೆ ಕಿತ್ತರೆ ಅಕ್ಕಿ ಡಬ್ಬದಲ್ಲಿ ತಿಂಗಳಿಟ್ಟರೂ ಕಲ್ಲು. ಕಣ್ಣು ಬಿಟ್ಟ ಮೇಲೆ ಎರಡು ದಿನ ಅಸಡ್ಡೆ ಮಾಡಿದರೆ ಅಳಿಲಿನ ಪಾಲು. ದಾಳಿಂಬೆಗೆ ಬಟ್ಟೆ ಚೀಲ ಕಟ್ಟಬೇಕು. ಬಟ್ಟೆ ನಮಗೆ ಗೋಡೆಯಾಚೆಯಿಂದ ಬರುತ್ತಿತ್ತು. ಪಕ್ಕದ ಮನೆ ಮೆಹರುನ್ನಿಸಾಳದು. ಅವಳ ಗಂಡನಿಗೆ ಪೇಟೆಯಲ್ಲಿ ಟೈಲರಿಂಗ್ ಅಂಗಡಿ. ಅಂಗಡಿಯಲ್ಲಿ ಉಳಿದ ತುಂಡುಗಳನ್ನೆಲ್ಲ ಅವಳು ಗೋಡೆ ಮೇಲಿಂದ ಕೊಡುತ್ತಿದ್ದಳು, ನಾವು ಹಣ್ಣು ಕೊಡುತ್ತಿದ್ದೆವು. ಯಾರದೋ ಮದುವೆ ಬ್ಲೌಸಿನ ಜರಿ ತುಂಡು, ಸ್ಕೂಲ್ ಯೂನಿಫಾರಂ ತುಂಡು, ಎಲ್ಲ ನಮ್ಮ ದಾಳಿಂಬೆ ಮೈಮೇಲೆ. ಗಿಡ ನೋಡಿದರೆ ನೆಂಟರ ಮನೆಗೆ ಹೊರಟ ಹಾಗಿರುತ್ತಿತ್ತು.

ಚೀಲ ಹೊಲಿದು ಕಟ್ಟುತ್ತಿದ್ದವಳು ನನ್ನ ಸೊಸೆ ಗಿರಿಜಾ. ಕುಣಿಗಲ್ಲಿನ ಹುಡುಗಿ. ನನ್ನ ಮಗ ಪರಮೇಶ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟ ವರ್ಷ ಮದುವೆಯಾಗಿ ಬಂದಳು. ಬಚ್ಚಲ ನೀರು ಸುಮ್ಮನೆ ಚರಂಡಿಗೆ ಹೋಗುತ್ತಿದ್ದದ್ದನ್ನು ಕಾಲುವೆ ತೋಡಿ ಹಿತ್ತಿಲಿಗೆ ತಿರುಗಿಸಿದ್ದು ಅವಳೇ. ಅವಳು ದೋಟಿ ಹಿಡಿದರೆ ಸೀಬೆಕಾಯಿ ಪೆಟ್ಟಾಗದೆ ಕೆಳಗಿಳಿಯುತ್ತಿತ್ತು. ನಾನು ಹಿಡಿದರೆ ಕಾಯಿ ತಲೆಮೇಲೆ, ದೋಟಿ ಗೋಡೆಯಾಚೆ.

ಅವಳಿಗೆ ಏಳು ವರ್ಷವಾದರೂ ಮಕ್ಕಳಿರಲಿಲ್ಲ. ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ನೋಡಿ ಏನೂ ತೊಂದರೆ ಇಲ್ಲ, ಕಾಯಿರಿ ಅಂದಿದ್ದರು. ನಾನು ಒರಟು ಬಾಯಿಯವಳು. ಆದರೆ ಆ ವಿಷಯವಾಗಿ ಅವಳಿಗೆ ಒಂದು ದಿನ ಒಂದು ಮಾತು ಆಡಿದವಳಲ್ಲ. ಹೋದ ಕಡೆಯೆಲ್ಲ ಜನ ವಿಶೇಷ ಏನಾದರೂ ಇದೆಯಾ ಎಂದು ಅವಳ ಹೊಟ್ಟೆ ನೋಡಿಕೊಂಡೇ ಕೇಳುತ್ತಿದ್ದರು. ನಾನು ಮಾತ್ರ ಕೇಳಲಿಲ್ಲ. ಇಂಥ ಅತ್ತೆ ಎಲ್ಲಿ ಸಿಗುತ್ತಾಳೆ ಎಂದು ನನ್ನಷ್ಟಕ್ಕೆ ನಾನೇ ಉಬ್ಬಿಕೊಂಡಿದ್ದೆ.

ಈಗ ಚಕ್ಕೋತಕ್ಕೆ ಬರುತ್ತೀನಿ. ಕಡಬದ ನಮ್ಮ ತವರಿನ ಹಣ್ಣಿನ ಬೀಜ ತಂದು ಹಾಕಿದ್ದು. ಒಂಬತ್ತು ವರ್ಷ ಬೆಳೆಯಿತು. ಮೈತುಂಬ ಎಲೆ, ಎಲೆ ಸಂದಿಗೆಲ್ಲ ಮುಳ್ಳು. ಒಂದು ಹೂವಿಲ್ಲ, ಒಂದು ಪಿಂದೆಯಿಲ್ಲ. ನಾನು ಹುಡುಗಿಯಾಗಿದ್ದಾಗ ನಮ್ಮ ತವರಿನಲ್ಲಿ ಇಂಥ ಮರಕ್ಕೆ ಹೆದರಿಸುವ ಪದ್ಧತಿ ಇತ್ತು. ಮಾರ್ನಮಿ ಅಮಾವಾಸ್ಯೆ ದಿನ ಒಬ್ಬರು ಕೊಡಲಿಯೋ ಮಚ್ಚೋ ಹಿಡಿದು ಮರಕ್ಕೆ ಬೈಯಬೇಕು, ಕಡಿದುಹಾಕುತ್ತೀನಿ ಎಂದು ಎತ್ತಬೇಕು. ಇನ್ನೊಬ್ಬರು ಅಡ್ಡ ಬಂದು, ಈ ಸಲ ಬಿಟ್ಟುಬಿಡಿ, ಬರುವ ವರ್ಷ ಕಾಯಿ ಬಿಡುತ್ತದೆ, ನಾನು ಜಾಮೀನು ಎನ್ನಬೇಕು. ಆಮೇಲೆ ಮರಕ್ಕೆ ಅರಿಶಿನ ಕುಂಕುಮ ಇಡುವುದು. ಮಚ್ಚು ಎತ್ತುವವರಿಗಿಂತ ಜಾಮೀನು ನಿಲ್ಲುವವರೇ ಮುಖ್ಯ. ಒಂದು ಸಲ ನಮ್ಮಪ್ಪ ಹಲಸಿನ ಮರಕ್ಕೆ ಕೊಡಲಿ ಎತ್ತಿದ್ದರು. ಜಾಮೀನು ನಿಲ್ಲಬೇಕಾದ ನಮ್ಮವ್ವ ಒಲೆ ಮೇಲಿನ ಹಾಲು ಉಕ್ಕಿತೆಂದು ಒಳಗೆ ಓಡಿದಳು. ಎತ್ತಿದ ಕೈ ಇಳಿಸುವ ಹಾಗಿಲ್ಲ. ನಮ್ಮಪ್ಪ ಅವಳು ಬರುವ ತನಕ ಕೊಡಲಿ ಎತ್ತಿಕೊಂಡೇ ನಿಂತಿದ್ದರು, ಬಾಯಿಗೆ ಬಂದ ಹಾಗೆ ಬೈದುಕೊಂಡು. ಮರಕ್ಕಲ್ಲ, ನಮ್ಮವ್ವನಿಗೆ.

ಆ ವರ್ಷ ಮಾರ್ನಮಿ ಅಮಾವಾಸ್ಯೆಗೆ ನಮ್ಮ ಚಕ್ಕೋತಕ್ಕೂ ಹೆದರಿಸೋಣ ಎಂದು ನಾನೇ ಮಾತು ತೆಗೆದೆ. ಗಿರಿಜಾ ನಕ್ಕಳು. ನೀನು ಜಾಮೀನು ನಿಲ್ಲಬೇಕು, ಹೀಗೀಗೆ ಹೇಳಬೇಕು ಎಂದು ಹೇಳಿಕೊಟ್ಟೆ. ಅವಳು ಕುಂಕುಮದ ತಟ್ಟೆ ಹಿಡಿದುಕೊಂಡು ಮರದ ಆ ಕಡೆ ನಿಂತಳು. ಗೋಡೆಯಾಚೆ ಮೆಹರುನ್ನಿಸಾ, ಅವಳ ಮನೆಗೆ ಗುಬ್ಬಿಯಿಂದ ಬಂದಿದ್ದ ಇಬ್ಬರು ನೆಂಟರು, ಕಲ್ಲಿನ ಮೇಲೆ ಹತ್ತಿ ನೋಡುತ್ತಿದ್ದರು. ನೋಡುವವರಿದ್ದರೆ ನನಗೆ ಹುರುಪು ಜಾಸ್ತಿ. ಸೆರಗು ಸಿಕ್ಕಿಸಿ ಮಚ್ಚು ಎತ್ತಿದೆ.

"ಏ ಗೊಡ್ಡೇ, ಬಂದು ಇಷ್ಟು ವರ್ಷ ಆಯ್ತು. ನೀರು ಕುಡ್ದೆ, ಗೊಬ್ಬರ ತಿಂದೆ, ಮೈ ಬೆಳೆಸ್ಕೊಂಡೆ. ಒಂದು ಕಾಯಿ ಬುಟ್ಟಿಲ್ಲ. ನಿನ್ನಂಥದ್ದು ಮನೇಲಿದ್ದು ಏನ್ ಬಂತು? ಇವತ್ತು ಕಡ್ದು ಬಿಸಾಕಿ ಇದೇ ಗುಂಡೀಲಿ ಇನ್ನೊಂದು ತಂದು ನೆಡ್ತೀನಿ."

ಜಾಮೀನಿನ ಮಾತು ಬರಲಿಲ್ಲ. ಹುಡುಗಿ ಮರೆತಳೇನೋ ಎಂದುಕೊಂಡು ಕಣ್ಣಿನಲ್ಲೇ ಸನ್ನೆ ಮಾಡಿದೆ. ಆಗಲೂ ಬರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ, ಗೊಡ್ಡು ಅಂದೆ, ಇನ್ನೊಂದು ತರುತ್ತೀನಿ ಅಂದೆ.

"ಕಡೀರಿ ಅತ್ತೆ," ಅಂದಳು ಗಿರಿಜಾ. ತಟ್ಟೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಒಳಗೆ ಹೋದಳು.

ನಾನು ನಮ್ಮಪ್ಪನ ಹಾಗೆ ನಿಂತುಬಿಟ್ಟೆ. ಕೈ ಇಳಿಸುವ ಹಾಗಿಲ್ಲ, ಕಡಿಯುವ ಮನಸ್ಸಿಲ್ಲ. ಕೊನೆಗೆ ಗೋಡೆಯಾಚೆಯಿಂದ ಮೆಹರುನ್ನಿಸಾ, ಬಿಟ್ಬಿಡಿ ಅಕ್ಕ, ಚಕೋತ್ರಾಗೆ ನಾನು ಜಾಮೀನು, ಮುಂದಿನ ವರ್ಷ ಬಿಡುತ್ತೆ ಅಂದಳು. ಮಚ್ಚು ಇಳಿಸಿದೆ. ನೆಂಟರಿಬ್ಬರೂ ಕಲ್ಲಿನಿಂದ ಇಳಿದು ಹೋದರು. ಅವಳು ಮಾತ್ರ ಹೋಗಲಿಲ್ಲ.

"ಅಕ್ಕ, ನೀವು ಬೈದಿದ್ದು ಮರಕ್ಕಾ, ಹುಡುಗಿಗಾ?"

"ಮರಕ್ಕೆ ಕಣಮ್ಮ. ನೀನೇ ನೋಡ್ದಲ್ಲ."

"ಮರಕ್ಕೆ ಕಿವಿ ಇಲ್ಲ ಅಕ್ಕ."

ಆಗ ನನಗೆ ಹೊಳೆಯಿತು. ಹೊಳೆದರೂ ಒಪ್ಪಿಕೊಳ್ಳುವ ಜಾತಿಯಲ್ಲ ನಾನು. ನಮ್ಮವ್ವ, ನಮ್ಮಜ್ಜಿ ಎಲ್ಲ ಹೀಗೇ ಹೇಳಿದ್ದು, ನಾನೇನು ಹೊಸದಾಗಿ ಹೇಳಿದೆನಾ ಎಂದು ಗೊಣಗಿಕೊಂಡು ಒಳಗೆ ಹೋದೆ. ಗಿರಿಜಾ ಹಿರಿಯರ ಎಡೆಗೆ ಅಡಿಗೆ ಮಾಡುತ್ತಿದ್ದಳು. ವಡೆ ಕರಿದಳು, ಪಾಯಸ ಕಾಯಿಸಿದಳು, ಬಡಿಸಿದಳು. ಮುಖದಲ್ಲಿ ಏನೂ ಇಲ್ಲ. ಮಾರನೇ ದಿನ ಅವ್ವನಿಗೆ ಮಂಡಿನೋವು ಜಾಸ್ತಿಯಾಗಿದೆಯಂತೆ ಎಂದು ಬ್ಯಾಗು ತೆಗೆದುಕೊಂಡು ಕುಣಿಗಲ್ ಬಸ್ಸು ಹತ್ತಿದಳು. ಆ ಮಂಡಿನೋವು ಹತ್ತು ವರ್ಷದಿಂದ ಹಾಗೇ ಇರುವುದು ನನಗೂ ಗೊತ್ತು. ಹೋಗ್ಬುಟ್ ಬಾ ಅಂದೆ. ಅಷ್ಟೇ ಅಂದದ್ದು.

ಒಂದು ವಾರವಾಯಿತು. ಭಾನುವಾರ ಪರಮೇಶ ಕರೆದುಕೊಂಡು ಬರಲು ಹೋದವನು ಒಬ್ಬನೇ ಬಂದ. ಅವನು ನನ್ನ ಹಾಗಲ್ಲ, ಮಾತು ಕಮ್ಮಿ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ.

"ಬರಲ್ಲ ಅಂತ ಅನ್ಲಿಲ್ಲ ಅಮ್ಮ. ಯಾತಕ್ಕೆ ಬರ್ಲಿ ಅಂತ ಕೇಳಿದ್ಲು."

ಅವನು ನನಗೆ ಬೈದಿದ್ದರೆ ನಾನೂ ತಿರುಗಿ ಬೈದು ಹಗುರವಾಗುತ್ತಿದ್ದೆ. ಬೈಯಲಿಲ್ಲ. ನೀರು ಕುಡಿದು ಅಂಗಡಿಗೆ ಹೋದ.

ಹಿತ್ತಿಲ ಕತೆ ಕೇಳಬೇಡಿ. ಬಚ್ಚಲ ನೀರಿನ ಕಾಲುವೆಗೆ ಎಲೆ ಕಟ್ಟಿಕೊಂಡು ನೀರು ಬಾಗಿಲಿಗೆ ಬಂತು. ಸೀಬೆಹಣ್ಣನ್ನು ಗಿಣಿಗಳು ಅರ್ಧರ್ಧ ತಿಂದು ನನ್ನ ಕಣ್ಣೆದುರೇ ಉದುರಿಸಿದವು. ದಾಳಿಂಬೆ ಚೀಲದ ಗಂಟು ಬಿಚ್ಚುವುದು ನನಗೆ ಗೊತ್ತಾಗಲಿಲ್ಲ. ಅವಳದೇ ಒಂದು ಥರದ ಗಂಟು, ಎಲ್ಲಿ ಎಳೆದರೆ ಬಿಚ್ಚುತ್ತದೋ ಅವಳಿಗೇ ಗೊತ್ತು. ಕತ್ತರಿ ತಂದು ಕತ್ತರಿಸಿದೆ. ದಾರದ ಜೊತೆ ತೊಟ್ಟೂ ಹೋಯಿತು, ಹಣ್ಣು ಕೆಳಗೆ ಬಿದ್ದು ಒಡೆಯಿತು. ನೋಡಿದರೆ ಇನ್ನೂ ಬೆಳ್ಳಗಿನ ಕಾಳು. ಅಳಿಲು ಕೂಡ ಮೂಸಿ ನೋಡಿ ಬಿಟ್ಟುಹೋಯಿತು.

ಆಯುಧ ಪೂಜೆ ದಿನ ಕಡಬದಿಂದ ನಮ್ಮ ಅಣ್ಣನ ಹೆಂಡತಿ, ಅಂದರೆ ನನ್ನ ಅತ್ತಿಗೆ, ಬಂದಳು. ಅಂಗಡಿಯ ಮೋಟಾರುಗಳಿಗೆಲ್ಲ ನಾನೇ ಕುಂಕುಮ ಹಚ್ಚಿ ಬಂದಿದ್ದೆ, ಸೊಸೆ ಇಲ್ಲದೆ. ಊಟ ಮಾಡಿ ಅಡಿಕೆ ಎಲೆ ಹಾಕಿಕೊಂಡು ಅತ್ತಿಗೆ ಹತ್ತಿರ ಸರಿದಳು. ಊರ್ಡಿಗೆರೆ ಕಡೆ ಒಂದು ಹುಡುಗಿ ಇದ್ದಾಳೆ, ನೋಡಲು ಲಕ್ಷಣವಾಗಿದ್ದಾಳೆ, ಮನೆಯವರು ಎರಡನೇ ಸಂಬಂಧವಾದರೂ ಪರವಾಗಿಲ್ಲ ಎನ್ನುತ್ತಾರೆ ಎಂದು ಶುರು ಮಾಡಿದಳು. ಸೆರಗಿನ ತುದಿಯಿಂದ ಒಂದು ಫೋಟೋ ತೆಗೆದಳು. ಹುಡುಗಿ ಹುಡುಕು ಎಂದು ನಿನಗೆ ಯಾರು ಹೇಳಿದರು ಅಂದೆ.

"ನೀನೇ ಅಂದ್ಯಂತಲ್ಲ ಅಮ್ಮಣ್ಣಿ, ಗೊಡ್ಡನ್ನ ಕಿತ್ತಾಕಿ ಇನ್ನೊಂದು ತರ್ತೀನಿ ಅಂತ. ಊರೆಲ್ಲ ಮಾತಾಡ್ತದೆ. ಅದ್ಕೇ ನಾನೂ ಹುಡುಕ್ದೆ."

ಸದಾಶಿವನಗರದ ಹಿತ್ತಿಲಿನ ಮಾತು ಕಡಬ ಮುಟ್ಟಿತ್ತು. ಅಷ್ಟು ದೂರ ನಡೆಯುವಾಗ ಮರ ಎಲ್ಲೋ ಹಿಂದುಳಿದು, ಬರೀ ಮಾತು ಮುಂದೆ ಹೋಗಿತ್ತು. ಆ ಫೋಟೋದ ಹುಡುಗಿಯ ಮುಖ ಈಗಲೂ ನೆನಪಿದೆ. ಪಾಪ, ಎರಡು ಜಡೆ ಹಾಕಿಕೊಂಡಿದ್ದಳು. ಅವಳಿಗೇನು ಗೊತ್ತು ನನ್ನ ಬಾಯಿ ಎಂಥದು ಎಂದು. ಫೋಟೋ ವಾಪಸು ಕೊಟ್ಟು, ನಾನು ಚಕ್ಕೋತದ ಮರಕ್ಕೆ ಹೇಳಿದ್ದು ಎಂದೆ. ಅತ್ತಿಗೆ ನಂಬಲಿಲ್ಲ. ಬೇಕಾದಾಗ ಹೇಳಿ ಕಳಿಸು ಎಂದು ಫೋಟೋವನ್ನು ಗೂಡಿನಲ್ಲಿ ದೀಪದ ಹಿಂದೆ ಇಟ್ಟು ಹೊರಟಳು. ಅವಳ ಹಿಂದೆಯೇ ಬಸ್ ಸ್ಟ್ಯಾಂಡಿಗೆ ಹೋಗಿ ಅವಳ ಕೈಚೀಲಕ್ಕೆ ತುರುಕಿ ಬಂದೆ.

ಸಂಜೆ ಮೆಹರುನ್ನಿಸಾ ಗೋಡೆ ಹತ್ತಿರ ಬಂದಳು. ಫೋಟೋ ವಿಷಯ ಹೇಳಿದೆ. ಅವಳು, ನಾನು ಮರಕ್ಕೆ ಜಾಮೀನು ನಿಂತೆ ಅಕ್ಕ, ಹುಡುಗಿಗೆ ಯಾರು ನಿಲ್ತಾರೆ ಎಂದು ಕೇಳಿದಳು. ಚುಚ್ಚಿ ಕೇಳಿದ್ದಲ್ಲ. ಉಪ್ಪು ಇದೆಯಾ ಎಂದು ಕೇಳುವ ಹಾಗೆ ಕೇಳಿದಳು. ಅದಕ್ಕೇ ತಾಕಿತು.

ಎರಡು ದಿನ ಬಿಟ್ಟು ಕಣ್ಣು ಬಿಟ್ಟಿದ್ದ ಸೀತಾಫಲವನ್ನೆಲ್ಲ ನಾನೇ ಕಿತ್ತು ಚೀಲಕ್ಕೆ ತುಂಬಿಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ. ಬಸ್ಸಿನಲ್ಲಿ ಸೀಟಿಲ್ಲ. ಹೆಬ್ಬೂರಿನ ತನಕ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಆಮೇಲೆ ಸೀಟು ಸಿಕ್ಕಿತು, ತೊಡೆಯ ಮೇಲಿಟ್ಟುಕೊಂಡೆ. ಪಕ್ಕದಲ್ಲಿ ಕೂತ ದಪ್ಪ ಮನುಷ್ಯ ನಿದ್ದೆಯಲ್ಲಿ ಅದರ ಮೇಲೇ ಮೊಣಕೈ ಊರಿದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. ಯಜಮಾನರು ತೀರಿಕೊಳ್ಳುವ ತನಕ ಅದಕ್ಕೇ ಕಾದು ಹೋದರು. ಕೊನೆಗೆ ಜಾಮೀನಿನ ಮಾತೇ ಸರಿ, ಅದು ಬಾಯಿಪಾಠ ಇದೆ, ಅದನ್ನೇ ಹೇಳಿಬಿಡುವುದು ಎಂದು ತೀರ್ಮಾನ ಮಾಡಿದೆ.

ಬೀಗಿತ್ತಿ ಬಾಗಿಲು ತೆಗೆದು, ಬನ್ನಿ ಅಂದರು. ಬಂದ್ರಾ, ಚೆನ್ನಾಗಿದೀರಾ ಎನ್ನಲಿಲ್ಲ. ಗಿರಿಜಾ ನಡುಮನೆಯಲ್ಲಿ ಮೊರದ ಮುಂದೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿದಳು. ಏಳಲಿಲ್ಲ. ನಾನು ಚೀಲ ಕೆಳಗಿಟ್ಟು, ನೀರೂ ಕೇಳದೆ, ನಿಂತೇ ಶುರು ಮಾಡಿದೆ.

ಈ ಸಲ ಬಿಟ್ಟುಬಿಡಿ ಅಂದೆ. ಅಲ್ಲಿಗೆ ನಿಂತೆ. ಮುಂದಿನ ಮಾತು, ಬರುವ ವರ್ಷ ಕಾಯಿ ಬಿಡುತ್ತದೆ ಅನ್ನುವುದು. ನಾಲಿಗೆ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ಮತ್ತೆ ಮಚ್ಚು ಎತ್ತಿದ ಹಾಗೇ ಆಗುತ್ತಿತ್ತು. ಬರುವ ವರ್ಷ ಬಿಡದಿದ್ದರೆ ಏನು ಮಾಡುತ್ತೀಯ ಎಂದು ಕೇಳಿದ ಹಾಗೇ. ನಮ್ಮವ್ವ ಹೇಳಿಕೊಟ್ಟ ಮಾತು ಈ ಹುಡುಗಿಗೆ ಆಗುವುದಿಲ್ಲ ಎಂದು ಬಾಗಿಲ ಹತ್ತಿರ ನಿಂತಾಗ ಗೊತ್ತಾಯಿತು. ಇಡೀ ಬಸ್ಸಿನ ದಾರಿಯಲ್ಲಿ ಗೊತ್ತಾಗಿರಲಿಲ್ಲ.

ಬೀಗಿತ್ತಿ, ಏನು ಬೀಗ್ರೇ, ಏನು ಬಿಡೋದು ಅಂದರು.

"ಕಾಯಿ ಬುಡ್ಲಿ, ಬುಡ್ದೇ ಇರ್ಲಿ," ಅಂದೆ. "ಇವಳಿಗೆ ನಾನು ಜಾಮೀನು."

ಗಿರಿಜಾ ಕೈಯಲ್ಲಿದ್ದ ಕಾಯಿ ಸುಲಿದು ಮೊರಕ್ಕೆ ಹಾಕಿದಳು.

"ಯಾರ ಹತ್ರ ಜಾಮೀನು ಅತ್ತೆ? ಮಚ್ಚು ಹಿಡ್ಕೊಂಡಿದ್ದೋರೂ ನೀವೇ."

"ಹೂಂ ಕಣೇ. ಹಿಡ್ಕೊಂಡೋಳೇ ಇಳಿಸ್ಬೇಕು. ಬೇರೆಯವ್ರು ಇಳಿಸಿದ್ರೆ ನಾನು ನಾಳೆ ಮತ್ತೆ ಎತ್ತುತೀನಿ. ನನ್ನ ಬುದ್ಧಿ ನಿಂಗೆ ಗೊತ್ತಲ್ಲ."

ಊರ್ಡಿಗೆರೆ ಹುಡುಗಿಯ ಫೋಟೋ ವಿಷಯವನ್ನೂ ಹೇಳಿದೆ. ಮುಚ್ಚಿಟ್ಟರೆ ಇನ್ನೊಬ್ಬರ ಬಾಯಿಂದ ಬರುತ್ತದೆ. ಕೈಚೀಲಕ್ಕೆ ತುರುಕಿ ಬಂದದ್ದನ್ನೂ ಹೇಳಿದೆ. ಅವಳು ಇನ್ನೂ ನಾಲ್ಕು ಕಾಯಿ ಸುಲಿದಳು. ನಾನು ನಿಂತೇ ಇದ್ದೆ. ಕೂತ್ಕೊಳ್ಳಿ ಅಂತಲೂ ಯಾರೂ ಅನ್ನಲಿಲ್ಲ.

"ದಾಳಿಂಬೆ ಏನಾಯ್ತು?" ಅಂದಳು.

ಕತ್ತರಿಯ ಕತೆ ಹೇಳಿದೆ. ಕಾಲುವೆ ಕಟ್ಟಿಕೊಂಡದ್ದು, ಗಿಣಿ, ಅಳಿಲು, ಎಲ್ಲ ಹೇಳಿದೆ. ಅವಳು ಎದ್ದು ಬಂದು ನನ್ನ ಚೀಲ ಬಿಚ್ಚಿದಳು. ಮೇಲಿನ ಎರಡು ಬಿಟ್ಟರೆ ಮಿಕ್ಕ ಸೀತಾಫಲವೆಲ್ಲ ಆ ದಪ್ಪ ಮನುಷ್ಯನ ಮೊಣಕೈಗೆ ಸಿಕ್ಕಿ ಪಾಯಸವಾಗಿತ್ತು. ಬೀಜಗಳು ಮಾತ್ರ ನೆಟ್ಟಗಿದ್ದವು. ಹತ್ತು ದಿನ ಮನೆಯಲ್ಲಿ ಇಲ್ಲದಿದ್ದರೆ ಇಷ್ಟೂ ಹಾಳು ಮಾಡಿಬಿಟ್ಟಿರಾ ಅತ್ತೆ ಎಂದು ಬೈದಳು. ಸದ್ಯ, ಬೈದಳಲ್ಲ ಎಂದು ನಾನು ಕೂತುಕೊಂಡೆ. ಬೀಗಿತ್ತಿ ಕಾಫಿಗೆ ಇಟ್ಟರು. ನಾಲ್ಕು ಗಂಟೆ ಬಸ್ಸಿಗೆ ಇಬ್ಬರೂ ಹೊರಟೆವು.

ಆಮೇಲೆ ಮಗು ಆಯಿತಾ ಎಂದು ನಿಮ್ಮ ಬಾಯಲ್ಲೂ ಬಂದಿರುತ್ತದೆ. ಅದನ್ನು ನಾನು ಹೇಳುವುದಿಲ್ಲ. ಆಗಿದ್ದರೆ ಜಾಮೀನು ಫಲಿಸಿತು ಎನ್ನುತ್ತೀರಿ, ಆಗದಿದ್ದರೆ ಅಯ್ಯೋ ಎನ್ನುತ್ತೀರಿ. ಎರಡೂ ಬೇಡ. ಬೇಕಾದರೆ ಚಕ್ಕೋತದ ವಿಷಯ ಕೇಳಿ, ಹೇಳುತ್ತೀನಿ. ಮೂರು ವರ್ಷವಾದ ಮೇಲೆ ನಾಲ್ಕು ಕಾಯಿ ಬಿಟ್ಟಿತು. ಮೊದಲ ಹಣ್ಣು ಜಾಮೀನು ನಿಂತವಳ ಹಕ್ಕು ಎಂದು ಮೆಹರುನ್ನಿಸಾ ಗೋಡೆ ಹತ್ತಿರ ತಟ್ಟೆ ಹಿಡಿದು ನಿಂತಳು. ಸಿಪ್ಪೆಯೇ ಎರಡು ಬೆರಳು ದಪ್ಪ. ಒಳಗಿನದು ಹುಳಿಯಲ್ಲ, ಸಿಹಿಯಲ್ಲ, ಬೇವಿನ ಕಹಿ. ಒಂದು ತೊಳೆ ಬಾಯಿಗಿಟ್ಟು ಉಗಿದು, ಅಕ್ಕ, ಈ ಮರಕ್ಕೆ ನಾನು ಸುಳ್ಳು ಜಾಮೀನು ನಿಂತೆ ಎಂದಳು. ಮರ ಈಗಲೂ ಇದೆ. ನೆರಳು ಚೆನ್ನಾಗಿದೆ, ಅದರ ಕೆಳಗೆ ಬಟ್ಟೆ ಒಗೆಯುತ್ತೇವೆ.

ಕುಣಿಗಲ್ಲಿನಿಂದ ಬಂದ ಮಾರನೇ ಬೆಳಗ್ಗೆ ಗಿರಿಜಾ ಎಂದಿನ ಹಾಗೆ ಹಾಲಿನ ಬೂತಿಗೆ ಹೊರಟಳು. ಯಾವತ್ತೂ ಅವಳೊಬ್ಬಳೇ ಹೋಗುತ್ತಿದ್ದಳು. ಅವತ್ತು ನಾನೂ ಚಪ್ಪಲಿ ಮೆಟ್ಟಿಕೊಂಡೆ. ಸಾಲಿನಲ್ಲಿ ಮುಂದೆ ನಿಂತಿದ್ದ ಹೆಂಗಸೊಬ್ಬರು ಹಿಂದಕ್ಕೆ ತಿರುಗಿ, ತೌರಿಂದ ಬಂದ್ಯೇನಮ್ಮ, ಏನಾರಾ ವಿಶೇಷ ಇದ್ಯಾ ಎಂದು ಅವಳ ಹೊಟ್ಟೆ ನೋಡಿದರು. ನಾನು ನಡುವೆ ಹೋಗಿ ನಿಂತೆ. ಅದನ್ನು ಇನ್ನು ಮೇಲೆ ನನ್ನನ್ನು ಕೇಳಿ, ಇವಳಿಗೆ ಜಾಮೀನು ನಾನು ಎಂದೆ. ಆಕೆಗೆ ಅರ್ಥವಾಗಲಿಲ್ಲ. ಇವತ್ತು ಏನೂ ಇಲ್ಲ, ನಾಳೆಯೂ ಕೇಳಬೇಕು ಅನ್ನಿಸಿದರೆ ನಾಳೆಯೂ ನನ್ನನ್ನೇ ಕೇಳಿ, ದಿನಾ ಬರುತ್ತೀನಿ ಎಂದು ಹೇಳಿ ಸಾಲಿನಲ್ಲಿ ಗಿರಿಜಾಳ ಮುಂದೆ ನಿಂತುಕೊಂಡೆ.